ಜಲಾಂತರ್ಗಾಮಿ ನೀರಿಗಿಂತ ಭಾರವಾಗಿ ಮುಳುಗುತ್ತದೆಯೇ? ಜಾನ್ ಹಾಲೆಂಡ್ ಎಂಬ ಕನ್ನಡಕದ ಮೇಷ್ಟರ ಕಥೆ

ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಪೆನ್ನಿನ ಒಂದು ಕ್ಯಾಪ್, ಮಕ್ಕಳು ಆಡುವ ಕ್ಲೇ ಒಂದು ಸಣ್ಣ ಉಂಡೆ. ಇಷ್ಟಿದ್ದರೆ ಸಾಕು. ಕ್ಯಾಪಿನ ತಲೆಯಲ್ಲಿ ತೂತಿದ್ದರೆ ಕ್ಲೇಯಿಂದ ಮುಚ್ಚಿ. ಅದರ ಕಡ್ಡಿಯ ತುದಿಗೂ ಸ್ವಲ್ಪ ಕ್ಲೇ ಅಂಟಿಸಿ, ಬಾಯಿ ಕೆಳಗೆ ಮಾಡಿ ಒಂದು ಲೋಟ ನೀರಿನಲ್ಲಿ ಬಿಡಿ. ತಲೆಯ ತುದಿ ಮಾತ್ರ ನೀರಿನ ಮೇಲೆ ಕಾಣುವ ಹಾಗೆ ತೇಲಬೇಕು. ಪೂರ್ತಿ ಮುಳುಗಿದರೆ ಕ್ಲೇ ಸ್ವಲ್ಪ ಕಿತ್ತು ಹಾಕಿ. ಈಗ ಅದನ್ನು ಹಾಗೆಯೇ ಬಾಯಿ ಕೆಳಗೆ ಮಾಡಿ, ಕಂಠದವರೆಗೆ ನೀರು ತುಂಬಿದ ಬಾಟಲಿಯೊಳಗೆ ಇಳಿಸಿ, ಮುಚ್ಚಳ ಬಿಗಿಯಿರಿ. ಬಾಟಲಿ ಹಿಸುಕಿದರೆ ಕ್ಯಾಪ್ ಕೆಳಗಿಳಿಯುತ್ತದೆ. ಕೈ ಸಡಿಲಿಸಿದರೆ ಮೇಲೆ ಬರುತ್ತದೆ.

ಶಾಲೆಯ ವಿಜ್ಞಾನ ಕ್ಲಬ್ಬಿನಲ್ಲಿ, ಇಲ್ಲವೇ ಭಾನುವಾರ ಮನೆಯಲ್ಲಿ ಅಪ್ಪ, ಅವ್ವ, ಮಕ್ಕಳು ಕೂಡಿ ಮಾಡುವ ಮೊದಲ ಸಬ್‌ಮರೀನ್ ಬಹುಮಟ್ಟಿಗೆ ಇದೇ. ನೋಡಿದ ಮಕ್ಕಳು ತಕ್ಷಣ ಹೇಳುವುದೂ ಒಂದೇ ಮಾತು: ನಾವು ಒತ್ತಿದ್ದಕ್ಕೆ ಅದು ಕೆಳಗೆ ಹೋಯಿತು. ಇದು ತಪ್ಪು. ನಿಮ್ಮ ಕೈ ಬಾಟಲಿಯ ಪಕ್ಕವನ್ನು ಒತ್ತುತ್ತಿದೆಯೇ ಹೊರತು ಕ್ಯಾಪಿನ ತಲೆಯನ್ನಲ್ಲ. ನೀರನ್ನು ಹಿಸುಕಿ ಚಿಕ್ಕದು ಮಾಡಲು ಆಗುವುದಿಲ್ಲ, ಗಾಳಿಯನ್ನು ಮಾಡಬಹುದು. ಹಾಗಾಗಿ ನಿಮ್ಮ ಒತ್ತಡ ನೀರಿನ ಮೂಲಕ ಸಾಗಿ ಕ್ಯಾಪಿನೊಳಗಿನ ಗಾಳಿಯನ್ನು ಕುಗ್ಗಿಸುತ್ತದೆ, ಆ ಜಾಗಕ್ಕೆ ನೀರು ನುಗ್ಗುತ್ತದೆ. ಕ್ಯಾಪ್ ಈಗ ಮೊದಲಿಗಿಂತ ಭಾರ. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ನೀರು ಏರುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಕೆಲಸ ಮಾಡಿ. ಕ್ಯಾಪನ್ನು ಬಾಟಲಿಯ ನಟ್ಟನಡುವೆ, ಮೇಲಕ್ಕೂ ಹೋಗದ, ಕೆಳಕ್ಕೂ ಹೋಗದ ಹಾಗೆ ನಿಲ್ಲಿಸಲು ನೋಡಿ. ಮನೆಮಂದಿಯೆಲ್ಲ ಸರದಿಯ ಮೇಲೆ ಪ್ರಯತ್ನಿಸಲಿ. ಒಂದು ಕ್ಷಣ ನಿಂತಂತೆ ಮಾಡಿ ಜಾರಿಬಿಡುತ್ತದೆ. ಕಾರಣ ಸರಳ: ಸ್ವಲ್ಪ ಕೆಳಗೆ ಹೋದರೂ ಮೇಲಿನ ನೀರಿನ ಒತ್ತಡ ಹೆಚ್ಚುತ್ತದೆ, ಒಳಗಿನ ಗಾಳಿ ಇನ್ನಷ್ಟು ಕುಗ್ಗುತ್ತದೆ, ಕ್ಯಾಪ್ ಇನ್ನಷ್ಟು ಭಾರವಾಗುತ್ತದೆ, ಇನ್ನೂ ಕೆಳಗೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಬ್‌ಮರೀನ್ ಕಟ್ಟಲು ಹೊರಟವರನ್ನು ಕಾಡಿದ ತೊಂದರೆಗಳಲ್ಲಿ ಇದೇ ದೊಡ್ಡದು. ಮುಳುಗಿಸುವುದು ಯಾರಿಗೂ ಕಷ್ಟವಿರಲಿಲ್ಲ. ಬೇಕಾದ ಆಳದಲ್ಲಿ ಹಿಡಿದು ನಡೆಸುವುದು, ಒಳಗಿದ್ದವರನ್ನು ಜೀವಂತ ಮೇಲೆ ತರುವುದು ಕಷ್ಟವಾಗಿತ್ತು.

ಆ ತೊಂದರೆಯನ್ನು ಬಿಡಿಸಿದವರಲ್ಲಿ ಮುಖ್ಯನಾದವನು ನೌಕಾಪಡೆಯವನಲ್ಲ, ಹಡಗು ಕಟ್ಟುವ ಕಾರ್ಖಾನೆಯವನೂ ಅಲ್ಲ. ದಪ್ಪ ಕನ್ನಡಕದ ಒಬ್ಬ ಶಾಲಾ ಮೇಷ್ಟ್ರು.

ಹಾಗಾದರೆ ಸಬ್‌ಮರೀನ್ ಕಂಡುಹಿಡಿದವರು ಯಾರು?

ಸಾಮಾನ್ಯ ಜ್ಞಾನದ ಫಾರ್ವರ್ಡ್‌ಗಳಲ್ಲಿ ಈ ಪ್ರಶ್ನೆಗೆ ಒಮ್ಮೆ ಡ್ರೆಬೆಲ್, ಒಮ್ಮೆ ಬುಶ್ನೆಲ್, ಒಮ್ಮೆ ಹಾಲೆಂಡ್ ಎಂದು ಉತ್ತರ ಬರುತ್ತದೆ. ಮೂರಕ್ಕೂ ಆಧಾರವಿದೆ. ಡಚ್ಚರ ಕಾರ್ನೆಲಿಸ್ ಡ್ರೆಬೆಲ್ 1620ರ ಸುಮಾರಿಗೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕಿ ನಡೆಸುವ, ಮುಳುಗುವ ದೋಣಿ ಮಾಡಿದ. ಅಮೆರಿಕದ ಡೇವಿಡ್ ಬುಶ್ನೆಲ್ ಮಾಡಿದ ‘ಟರ್ಟಲ್’ ಎಂಬ ಒಬ್ಬನೇ ಕೂರುವ ದೋಣಿ 1776ರಲ್ಲಿ ಬ್ರಿಟಿಷ್ ಹಡಗಿನ ಮೇಲೆ ದಾಳಿಗೆ ಹೋಗಿ ವಿಫಲವಾಯಿತು. 1864ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ‘ಹನ್ಲಿ’ ಎಂಬ ದೋಣಿ ಶತ್ರುವಿನ ಹಡಗನ್ನು ಮುಳುಗಿಸಿತು, ತಾನೂ ತನ್ನ ಸಿಬ್ಬಂದಿಯೊಂದಿಗೆ ಮುಳುಗಿತು. ಹಾಲೆಂಡ್ ಬಂದದ್ದು ಇವರೆಲ್ಲರ ನಂತರ. ಅವನು ಕಟ್ಟಿದ್ದು ಮೊದಲ ಸಬ್‌ಮರೀನ್ ಅಲ್ಲ. ಇಂದಿನ ಸಬ್‌ಮರೀನ್‌ಗಳ ವಂಶ ಶುರುವಾಗುವುದು ಮಾತ್ರ ಅವನ ದೋಣಿಯಿಂದ.

ಜಾನ್ ಫಿಲಿಪ್ ಹಾಲೆಂಡ್ ಹುಟ್ಟಿದ್ದು 1841ರಲ್ಲಿ, ಐರ್ಲೆಂಡಿನ ಪಶ್ಚಿಮ ಕರಾವಳಿಯ ಲಿಸ್ಕ್ಯಾನರ್ ಎಂಬ ಸಣ್ಣ ಊರಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಕರಾವಳಿ ಕಾವಲು ಪಡೆಯ ನೌಕರ. ತಾಯಿಯ ಮನೆಮಾತು ಐರಿಷ್. ಹುಡುಗ ಇಂಗ್ಲಿಷ್ ಕಲಿತದ್ದು ಶಾಲೆಗೆ ಸೇರಿದ ಮೇಲೆ. ಮನೆಯಲ್ಲಿ ಒಂದು ಭಾಷೆ, ಪಾಠ ಇನ್ನೊಂದು ಭಾಷೆಯಲ್ಲಿ. ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅವನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾ ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ದೇಶ ಬಿಟ್ಟರು. ಆ ಹೊತ್ತಿನಲ್ಲೂ ಐರ್ಲೆಂಡಿನಿಂದ ಇಂಗ್ಲೆಂಡಿಗೆ ಆಹಾರ ಸಾಗಾಟ ನಿಲ್ಲಲಿಲ್ಲ. ಸರ್ಕಾರಿ ಸಂಬಳದ ಮನೆಯಲ್ಲಿ ಬೆಳೆದ ಹುಡುಗನಲ್ಲಿ ಬ್ರಿಟಿಷರ ಮೇಲೆ ಸಿಟ್ಟು ಬೆಳೆದದ್ದು ಹೀಗೆ.

ಕಡಲಿಗೆ ಹೋಗುವ ಆಸೆಯಿತ್ತು, ಕಣ್ಣು ಸಹಕರಿಸಲಿಲ್ಲ. ದೃಷ್ಟಿದೋಷ ಇದ್ದವನಿಗೆ ಹಡಗಿನಲ್ಲಿ ಕೆಲಸವಿಲ್ಲ. ತಂದೆ ತೀರಿಕೊಂಡ ಮೇಲೆ ಕುಟುಂಬ ಲಿಮರಿಕ್ ಪಟ್ಟಣಕ್ಕೆ ಬಂತು. 1858ರಲ್ಲಿ ಹಾಲೆಂಡ್ ಬಡಮಕ್ಕಳಿಗೆ ಶಾಲೆ ನಡೆಸುವ ‘ಕ್ರಿಶ್ಚಿಯನ್ ಬ್ರದರ್ಸ್’ ಎಂಬ ಧಾರ್ಮಿಕ ಸಂಘ ಸೇರಿ ಮೇಷ್ಟ್ರಾದ. ಕಾರ್ಕ್ ನಗರದ ಶಾಲೆಯಲ್ಲಿ ಕೈಯಿಂದ ಮಾಡಿ ತೋರಿಸಿ ವಿಜ್ಞಾನ ಕಲಿಸುವ ಹಿರಿಯ ಅಧ್ಯಾಪಕರೊಬ್ಬರ ಸಹವಾಸ ಸಿಕ್ಕಿತು. 1862ರಲ್ಲಿ ಅಮೆರಿಕದಲ್ಲಿ ಎರಡು ಕಬ್ಬಿಣದ ಕವಚದ ಹಡಗುಗಳು ಕಾದಾಡಿದ ಸುದ್ದಿ ಬಂದಾಗ ಅವನ ಲೆಕ್ಕ ಬೇರೆಯೇ ಆಯಿತು. ಮೇಲೆ ಕವಚವಿದ್ದರೇನು, ಹಡಗಿನ ಹೊಟ್ಟೆ ನೀರಿನ ಕೆಳಗೇ ಇರುತ್ತದಲ್ಲ. ಬ್ರಿಟನ್ನಿನಂಥ ದೊಡ್ಡ ನೌಕಾಪಡೆಯನ್ನು ಒಂದು ಸಣ್ಣ ದೇಶ ಎದುರಿಸುವುದಾದರೆ ಕೆಳಗಿನಿಂದಲೇ ಎದುರಿಸಬೇಕು.

ಕಡಲಿಲ್ಲದ ಊರಿನ ಆಟಿಕೆ

ಇಲ್ಲಿ ಸ್ವಲ್ಪ ನಿಲ್ಲೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಂದ ಕಡಲು ನೂರೈವತ್ತು ಕಿಲೋಮೀಟರಿಗಿಂತ ದೂರ. ಮಳೆ ಕಡಿಮೆಯ ಸೀಮೆ. ಹೂವಿನ ಹಡಗಲಿಯಿಂದ ಹಂಪಿಗೆ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹೂ ಹೋಗುತ್ತಿತ್ತು, ಅದಕ್ಕೇ ಆ ಹೆಸರು ಎಂದು ಜನ ಹೇಳುತ್ತಾರೆ. ಅದು ಬಿಟ್ಟರೆ ಈ ಕಡೆಯವರಿಗೆ ಗೊತ್ತಿರುವ ನೌಕೆ ಹರಿಗೋಲು. ಇಂಥ ಕಡೆ ಮಕ್ಕಳೊಂದಿಗೆ ಸಬ್‌ಮರೀನ್ ಮಾದರಿ ಮಾಡುವುದು ಯಾಕೆ ಎಂದು ಕೇಳಬಹುದು. ಆದರೆ ಹಾಲೆಂಡ್ ಕಲಿತ ಪಾಠಗಳಿಗೆ ಕಡಲು ಬೇಕಿಲ್ಲ. ಅವುಗಳಲ್ಲಿ ಒಂದನ್ನಂತೂ ಈ ತಾಲ್ಲೂಕುಗಳ ರಸ್ತೆಯಲ್ಲೇ ನೋಡಬಹುದು.

ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರನ್ನು ಗಮನಿಸಿ. ಟ್ಯಾಂಕರ್ ಪೂರ್ತಿ ತುಂಬಿದ್ದರೆ ತಿರುವಿನಲ್ಲಿ ಭಾರವಾಗಿ, ಆದರೆ ಸಮವಾಗಿ ಹೋಗುತ್ತದೆ. ಅರ್ಧ ಖಾಲಿಯಾಗಿದ್ದರೆ ಒಳಗಿನ ನೀರು ಒಂದು ಕಡೆಗೆ ಓಡಿ ಇಡೀ ಟ್ಯಾಂಕರನ್ನು ಎಳೆದಾಡುತ್ತದೆ. ಓಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಹಿಂದಿನ ಎಷ್ಟೋ ಮುಳುಗುವ ದೋಣಿಗಳು ಹಾಳಾದದ್ದು ಇದೇ ಕಾರಣಕ್ಕೆ. ಮುಳುಗಲು ತೊಟ್ಟಿಗೆ ಅಷ್ಟಿಷ್ಟು ನೀರು ಬಿಟ್ಟುಕೊಳ್ಳುವುದು, ದೋಣಿಯ ಮೂಗು ಸ್ವಲ್ಪ ಬಾಗಿದೊಡನೆ ನೀರೆಲ್ಲ ಮುಂದಕ್ಕೆ ಓಡುವುದು, ದೋಣಿ ತಲೆಕೆಳಗಾಗಿ ಹೋಗಿ ತಳಕ್ಕೆ ಗುದ್ದುವುದು.

ಮನೆಯಲ್ಲೇ ಇದನ್ನು ನೋಡಬೇಕೆಂದರೆ ಬಾಟಲಿಯ ಇನ್ನೊಂದು ಮಾದರಿ ಮಾಡಿ. ಅರ್ಧ ಲೀಟರಿನ ಬಾಟಲಿಯನ್ನು ಮಲಗಿಸಿ, ಕೆಳಬದಿಗೆ ಉದ್ದಕ್ಕೂ ನಾಲ್ಕೈದು ನಾಣ್ಯ ಟೇಪಿನಿಂದ ಅಂಟಿಸಿ, ಅದೇ ಬದಿಗೆ ಎರಡು ಮೂರು ತೂತು ಮಾಡಿ. ಮುಚ್ಚಳದಲ್ಲಿ ತೂತು ಮಾಡಿ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಸುತ್ತ ಕ್ಲೇಯಿಂದ ಬಿಗಿ ಮಾಡಿ. ನೀರಿನ ಡ್ರಮ್ಮಿನಲ್ಲೋ ದೊಡ್ಡ ಟಬ್ಬಿನಲ್ಲೋ ಬಿಡಿ. ಕೆರೆ, ಬಾವಿ, ಕಾಲುವೆ ಬೇಡವೇ ಬೇಡ. ನೀರು ಒಳಗೆ ಹೋಗುತ್ತಿದ್ದಂತೆ ಬಾಟಲಿ ಮುಳುಗುತ್ತದೆ, ಕೊಳವೆಯಿಂದ ಊದಿದರೆ ನೀರು ಹೊರಬಿದ್ದು ತೇಲುತ್ತದೆ. ಅರ್ಧ ನೀರು ತುಂಬಿದಾಗ ನೋಡಿ: ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಸಮವಾಗಿ ಮಲಗಿಸಲು ಎಷ್ಟು ಒದ್ದಾಡಿದರೂ ಆಗುವುದಿಲ್ಲ.

ಹಾಲೆಂಡ್ ಕೂಡ ಮಾದರಿಗಳಿಂದಲೇ ಶುರು ಮಾಡಿದವನು. ಆರೋಗ್ಯ ಕೆಟ್ಟು 1873ರಲ್ಲಿ ಸಂಘ ಬಿಟ್ಟು, ತಾಯಿ ಮತ್ತು ಸಹೋದರರು ಮೊದಲೇ ಹೋಗಿದ್ದ ಅಮೆರಿಕಕ್ಕೆ ಹಡಗು ಹತ್ತಿದ. ಬಾಸ್ಟನ್ನಿನಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಜಾರಿ ಕಾಲು ಮುರಿದುಕೊಂಡ. ಹಾಸಿಗೆಯಲ್ಲಿ ಮಲಗಿ ಹಳೆಯ ನಕ್ಷೆಗಳನ್ನು ಮತ್ತೆ ತಿದ್ದಿದ. ಆಮೇಲೆ ನ್ಯೂಜೆರ್ಸಿಯ ಪ್ಯಾಟರ್ಸನ್ ಎಂಬ ಗಿರಣಿ ಊರಲ್ಲಿ ಚರ್ಚ್ ಶಾಲೆಯ ಮೇಷ್ಟ್ರಾದ. 1875ರಲ್ಲಿ ತನ್ನ ನಕ್ಷೆಯನ್ನು ಅಮೆರಿಕದ ನೌಕಾಪಡೆಗೆ ಕಳಿಸಿದ. ಇದು ನಡೆಯುವ ಕೆಲಸವಲ್ಲ ಎಂದು ವಾಪಸ್ ಬಂತು.

ಹಣ ಸಿಕ್ಕಿದ್ದು ಬೇರೆ ಕಡೆಯಿಂದ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಅಮೆರಿಕದಲ್ಲಿ ಕುಳಿತು ಹಣ ಕೂಡಿಸುತ್ತಿದ್ದ ಫೀನಿಯನ್ ಕ್ರಾಂತಿಕಾರಿಗಳ ಜೊತೆ ಅವನ ತಮ್ಮ ಮೈಕೇಲನಿಗೆ ನಂಟಿತ್ತು. ಅವರ ಮುಂದೆ ಹಾಲೆಂಡ್ ಎರಡೂವರೆ ಅಡಿ ಉದ್ದದ, ಗಡಿಯಾರದಂತೆ ಕೀಲಿ ಕೊಟ್ಟರೆ ಓಡುವ ಮಾದರಿಯನ್ನು ನ್ಯೂಯಾರ್ಕಿನ ಕೋನಿ ಐಲೆಂಡ್ ದಡದಲ್ಲಿ ನೀರಿಗಿಳಿಸಿ ತೋರಿಸಿದ. ಒಂದು ಆಟಿಕೆ ನೋಡಿ ಅವರು ನಿಜವಾದ ದೋಣಿಗೆ ಹಣ ಕೊಟ್ಟರು.

ಮೇ 1878ರಲ್ಲಿ ಪ್ಯಾಟರ್ಸನ್ನಿನ ಪಸೇಕ್ ನದಿಗೆ ಸುಮಾರು ಹದಿನಾಲ್ಕು ಅಡಿ ಉದ್ದದ, ಒಬ್ಬನೇ ಕೂರುವ ದೋಣಿ ಇಳಿಯಿತು. ಇಳಿದದ್ದು ಇಳಿದೇ ಹೋಯಿತು. ಬಿಡುವ ದಿನವೇ ನೋಡಲು ಬಂದ ಜನರೆದುರು ಮುಳುಗಿತು. ಎತ್ತಿ, ಸರಿಪಡಿಸಿ, ಕೆಲವೇ ದಿನಗಳಲ್ಲಿ ಮತ್ತೆ ಇಳಿಸಿದ. ಎಂಜಿನ್ ಕೆಲಸ ಮಾಡಲಿಲ್ಲ. ಪಕ್ಕದ ದೋಣಿಯಿಂದ ರಬ್ಬರ್ ಕೊಳವೆಯಲ್ಲಿ ಉಗಿ ತಂದು ಅದನ್ನು ಓಡಿಸಿದ. ಮೇಷ್ಟ್ರು ತಾನೇ ಒಳಗೆ ಕೂತು ಮುಳುಗಿ, ಮೇಲೆ ಬಂದ. ಬೇಕಾದ್ದು ಗೊತ್ತಾದ ಮೇಲೆ ಎಂಜಿನ್ ಬಿಚ್ಚಿಕೊಂಡು, ಸಾಗಿಸುವ ಖರ್ಚೇಕೆಂದು ದೋಣಿಯನ್ನು ಅದೇ ನದಿಯಲ್ಲಿ ಮುಳುಗಿಸಿಬಿಟ್ಟ.

ಮೇಷ್ಟ್ರು ಕಂಡುಕೊಂಡದ್ದೇನು?

ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನೀರಿಗಿಂತ ಭಾರವಾದರೆ ಸಬ್‌ಮರೀನ್ ಮುಳುಗುತ್ತದೆ ಎಂಬುದು ನಮ್ಮೆಲ್ಲರ ತಲೆಯಲ್ಲಿರುವ ಚಿತ್ರ. ಪೆನ್ನಿನ ಕ್ಯಾಪಿನ ಮಟ್ಟಿಗೆ ಅದು ಸರಿ. ಹಾಲೆಂಡ್ ಮಾಡಿದ್ದು ಬೇರೆ. ಅವನ ದೋಣಿ ಮುಳುಗಿ ಓಡುವಾಗಲೂ ನೀರಿಗಿಂತ ಸ್ವಲ್ಪ ಹಗುರವಾಗಿಯೇ ಇರುತ್ತಿತ್ತು. ತೊಟ್ಟಿಗೆ ನೀರು ಬಿಟ್ಟುಕೊಂಡು ಬಹುತೇಕ ಮುಳುಗುವಷ್ಟಾದ ಮೇಲೆ, ಹಿಂಬದಿಯಲ್ಲಿ ಅಡ್ಡಲಾಗಿ ಇರುವ ರೆಕ್ಕೆಯಂಥ ಚುಕ್ಕಾಣಿಗಳನ್ನು ಓರೆ ಮಾಡಿ, ಎಂಜಿನ್ನಿನ ಬಲದಿಂದ ಮೂಗನ್ನು ಕೆಳಗೆ ಮಾಡಿ ನೀರೊಳಗೆ ನುಗ್ಗುತ್ತಿತ್ತು. ಮೀನು ಹಾಗೆ ಮಾಡುತ್ತದೆ, ಕೆರೆಗೆ ಧುಮುಕಿದ ಹುಡುಗನೂ ಹಾಗೆಯೇ ಕೈಕಾಲು ಬಡಿದು ಕೆಳಗಿಳಿಯುತ್ತಾನೆ. ಬಡಿಯುವುದು ನಿಲ್ಲಿಸಿದರೆ ಮೇಲೆ ಬರುತ್ತಾನೆ. ಹಾಲೆಂಡನ ದೋಣಿಯೂ ಅಷ್ಟೇ. ಎಂಜಿನ್ ನಿಂತರೆ ತಾನಾಗಿ ತೇಲಿ ಬರಬೇಕು. ಒಳಗಿದ್ದವರ ಪ್ರಾಣ ಉಳಿಯುವುದು ಆ ಸ್ವಲ್ಪ ಹಗುರದಿಂದ.

ಇದರ ಜೊತೆಗೆ ಅವನು ಹಿಡಿದ ಇನ್ನೊಂದು ಹಟ, ಭಾರದ ಜಾಗ ಅಲುಗಾಡಬಾರದು ಎಂಬುದು. ಮುಳುಗುವಾಗ ಮುಖ್ಯ ತೊಟ್ಟಿಗಳು ಪೂರ್ತಿ ತುಂಬಿರಬೇಕು, ಅರ್ಧಂಬರ್ಧ ಕೂಡದು. ಮುಂದಿನ ದೋಣಿಗಳಲ್ಲಿ ಟಾರ್ಪೆಡೊ ಹೊರಟುಹೋದರೆ ಅಷ್ಟೇ ತೂಕದ ನೀರು ಆ ಜಾಗ ತುಂಬಬೇಕು ಎಂಬ ಏರ್ಪಾಡು ಕೂಡ ಬಂತು. ಟ್ರ್ಯಾಕ್ಟರ್ ಓಡಿಸುವವರು ಒಪ್ಪುವ ಮಾತು ಇದು.

ಇಂದಿನ ದೊಡ್ಡ ಸಬ್‌ಮರೀನ್‌ಗಳು ನೀರಿನಷ್ಟೇ ತೂಕಕ್ಕೆ ತೀರಾ ಹತ್ತಿರ ತಂದುಕೊಂಡು, ಇಂಥದೇ ರೆಕ್ಕೆಗಳಿಂದ ಮೇಲೆ ಕೆಳಗೆ ಹೋಗುತ್ತವೆ. ವಿಶಾಖಪಟ್ಟಣದ ಕಡಲ ದಡದಲ್ಲಿ 2002ರಿಂದ ವಸ್ತು ಸಂಗ್ರಹಾಲಯವಾಗಿರುವ ಐಎನ್‌ಎಸ್ ಕುರ್ಸುರ ನೋಡಲು ಹೋದರೆ, ಸುಮಾರು 91 ಮೀಟರ್ ಉದ್ದದ ಆ ದೇಹದ ಹೊರಗೆ ಈ ರೆಕ್ಕೆಗಳನ್ನು ಮಕ್ಕಳಿಗೆ ತೋರಿಸಿ.

ತನ್ನದೇ ಹೆಸರಿನ ದೋಣಿ ಕೈತಪ್ಪಿದ್ದು

1881ರಲ್ಲಿ ನ್ಯೂಯಾರ್ಕಿನಲ್ಲಿ ಎರಡನೆಯ ದೋಣಿ ನೀರಿಗಿಳಿಯಿತು. 31 ಅಡಿ ಉದ್ದ, ಮೂವರು ಸಿಬ್ಬಂದಿ. ಪತ್ರಿಕೆಯವರು ಅದಕ್ಕೆ ‘ಫೀನಿಯನ್ ರ‍್ಯಾಮ್’ ಎಂದು ಹೆಸರಿಟ್ಟರು. ಗುಟ್ಟಾಗಿರಬೇಕಿದ್ದ ಆಯುಧ ಪತ್ರಿಕೆಯಲ್ಲಿ ಬಂತು ಎಂದರೆ ಗುಟ್ಟು ಎಷ್ಟಿತ್ತು ಎಂದು ಊಹಿಸಿ. ದೋಣಿ ಚೆನ್ನಾಗಿ ಓಡಿತು. ಕ್ರಾಂತಿಕಾರಿಗಳಲ್ಲೇ ಹಣದ ಜಗಳ ಎದ್ದು, 1883ರ ನವೆಂಬರಿನ ಒಂದು ರಾತ್ರಿ ಅವರಲ್ಲೇ ಕೆಲವರು ಅದನ್ನು ಕದ್ದು ಎಳೆದುಕೊಂಡು ಹೋದರು. ಕದ್ದವರಿಗೆ ಓಡಿಸಲು ಬರಲಿಲ್ಲ. ಹಾಲೆಂಡ್ ಅವರಿಗೆ ಕಲಿಸಲು ಹೋಗಲಿಲ್ಲ, ಅವರ ಸಂಗವನ್ನೇ ಬಿಟ್ಟ.

ಮುಂದಿನ ಹತ್ತು ವರ್ಷ ಅಲೆದಾಟ. ಅಮೆರಿಕದ ನೌಕಾಪಡೆ ಸಬ್‌ಮರೀನ್ ವಿನ್ಯಾಸದ ಸ್ಪರ್ಧೆ ಕರೆದಾಗಲೆಲ್ಲ ಅವನದೇ ಆಯ್ಕೆಯಾಗುತ್ತಿತ್ತು, ಕೆಲಸದ ಆದೇಶ ಮಾತ್ರ ಬರುತ್ತಿರಲಿಲ್ಲ. 1895ರಲ್ಲಿ ಆದೇಶ ಬಂದಾಗ ಅದರ ಜೊತೆಗೆ ಅಧಿಕಾರಿಗಳ ಸಲಹೆಗಳೂ ಬಂದವು. ನೀರಿನ ಮೇಲೆ ವೇಗವಾಗಿ ಓಡಬೇಕು, ಅದಕ್ಕೆ ಉಗಿ ಎಂಜಿನ್ ಇರಬೇಕು. ಮುಚ್ಚಿದ ಕಬ್ಬಿಣದ ಕೊಳವೆಯೊಳಗೆ ಬಾಯ್ಲರ್! ಬೆಂಕಿ ಆರಿಸಿದ ಮೇಲೂ ಒಳಗೆ ನಿಲ್ಲಲಾಗದಷ್ಟು ಸೆಕೆ. ‘ಪ್ಲಂಜರ್’ ಎಂಬ ಆ ದೋಣಿ ಕೆಲಸಕ್ಕೆ ಬರಲಿಲ್ಲ. ಅದು ಹಾಗಾಗುತ್ತದೆಂದು ಹಾಲೆಂಡನಿಗೆ ಮೊದಲೇ ಗೊತ್ತಿತ್ತು. ತನ್ನ ಕಂಪನಿಯವರನ್ನು ಒಪ್ಪಿಸಿ, ಸರ್ಕಾರದ ಹಣವಿಲ್ಲದೆ, ತನಗೆ ಸರಿ ಕಂಡ ಹಾಗೆ ಇನ್ನೊಂದನ್ನು ಕಟ್ಟಲು ಹೊರಟ.

ಅದೇ ‘ಹಾಲೆಂಡ್ 6’. 17 ಮೇ 1897ರಂದು ನೀರಿಗೆ ಬಿದ್ದಾಗ ಅವನಿಗೆ 56 ವರ್ಷ. ಸುಮಾರು 54 ಅಡಿ ಉದ್ದ. ನೀರಿನ ಮೇಲೆ ಓಡಲು 45 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಒಳಗೆ ಓಡಲು ಬ್ಯಾಟರಿ ಮತ್ತು ಎಲೆಕ್ಟ್ರಿಕ್ ಮೋಟಾರ್. ಎಂಜಿನ್ನಿಗೆ ಗಾಳಿ ಬೇಕು, ಮೋಟಾರಿಗೆ ಬೇಕಿಲ್ಲ. ಮೇಲಿದ್ದಾಗ ಎಂಜಿನ್ನೇ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು. ಈಗಿನ ಹೈಬ್ರಿಡ್ ಕಾರಿನ ಲೆಕ್ಕ ಹೆಚ್ಚುಕಡಿಮೆ ಇದೇ. ಅದೇ ಅಕ್ಟೋಬರಿನಲ್ಲಿ ಕೆಲಸಗಾರನೊಬ್ಬ ಕವಾಟ ಮುಚ್ಚಲು ಮರೆತು, ಕಟ್ಟಿಹಾಕಿದ ಜಾಗದಲ್ಲೇ ದೋಣಿ ಮುಳುಗಿತು. ವೈರುಗಳೆಲ್ಲ ಉಪ್ಪುನೀರಿನಲ್ಲಿ ನೆನೆದವು. ಅವನ್ನು ಬಿಚ್ಚದೆ, ವಿದ್ಯುತ್ತನ್ನು ಉಲ್ಟಾ ಹರಿಸಿ ಒಳಗಿಂದ ಬಿಸಿ ಮಾಡಿ ಒಣಗಿಸಿದರು. 17 ಮಾರ್ಚ್ 1898ರಂದು, ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಬಳಿ ಅದು ಚೆನ್ನಾಗಿ ಮುಳುಗಿ ಎದ್ದಿತು. ಆಗ ನೌಕಾ ಇಲಾಖೆಯಲ್ಲಿದ್ದ, ಮುಂದೆ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ ಕೊಳ್ಳಲು ಶಿಫಾರಸು ಮಾಡಿದ. ಆದರೂ ಎರಡು ವರ್ಷ ಹಿಡಿಯಿತು. 11 ಏಪ್ರಿಲ್ 1900ರಂದು ಅಮೆರಿಕದ ನೌಕಾಪಡೆ ಅದನ್ನು 1,50,000 ಡಾಲರಿಗೆ ಕೊಂಡಿತು. ಕಟ್ಟಲು ಬಿದ್ದ ಖರ್ಚು ಅದಕ್ಕಿಂತ ಹೆಚ್ಚು.

ಖರ್ಚು ತಡೆಯಲಾಗದೆ ಕಂಪನಿ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಬ್ಯಾಟರಿ ವ್ಯಾಪಾರಿ ಐಸಾಕ್ ರೈಸ್ 1899ರಲ್ಲಿ ಅದನ್ನು ‘ಎಲೆಕ್ಟ್ರಿಕ್ ಬೋಟ್’ ಎಂಬ ಹೊಸ ಕಂಪನಿಯೊಳಗೆ ಸೇರಿಸಿದ. ಪೇಟೆಂಟುಗಳೂ ಕಂಪನಿಯ ಪಾಲಾದವು. ಹಾಲೆಂಡ್ ತನ್ನ ದೋಣಿಯ ಕಂಪನಿಯಲ್ಲೇ ಸಂಬಳದ ನೌಕರನಾದ. ಕಂಪನಿ ಬ್ರಿಟನ್ನಿಗೂ ವಿನ್ಯಾಸ ಕೊಟ್ಟಿತು. 1901ರಲ್ಲಿ ಬ್ರಿಟಿಷ್ ನೌಕಾಪಡೆಯ ಮೊದಲ ಸಬ್‌ಮರೀನ್ ನೀರಿಗಿಳಿದಾಗ ಅದರ ಹೆಸರೂ ‘ಹಾಲೆಂಡ್ 1’. ಯಾರನ್ನು ಎದುರಿಸಲೆಂದು ಕಾರ್ಕ್ ನಗರದ ಶಾಲೆಯಲ್ಲಿ ಕೂತು ನಕ್ಷೆ ಬರೆದನೋ, ಅವರ ಕೈಗೇ ಅದು ಅವನ ಹೆಸರಿನಲ್ಲೇ ಹೋಯಿತು. ಈ ಸಂಗತಿ ಓದಿದ ಮೇಲೆ ನನಗೆ ಅವನ ಎಂಜಿನಿಯರಿಂಗಿಗಿಂತ ಹೆಚ್ಚಾಗಿ ಇದೇ ಮನಸ್ಸಿನಲ್ಲಿ ಉಳಿಯಿತು.

1904ರಲ್ಲಿ ಅವನು ಕಂಪನಿ ಬಿಟ್ಟ. ಸ್ವಂತವಾಗಿ ಹೊಸ ದೋಣಿ ಕಟ್ಟಲು ಹೊರಟಾಗ ಕಂಪನಿ ಕೋರ್ಟಿಗೆ ಹೋಯಿತು. ಮೊಕದ್ದಮೆ ನಿಲ್ಲಲಿಲ್ಲ, ಆದರೆ ತಕರಾರಿರುವವನಿಗೆ ಹಣ ಹಾಕುವವರು ಯಾರು? ಅಲ್ಲಿಗೆ ಅವನ ಸಬ್‌ಮರೀನ್ ಕೆಲಸ ಮುಗಿಯಿತು.

12 ಆಗಸ್ಟ್ 1914ರಂದು ನ್ಯೂಜೆರ್ಸಿಯ ನ್ಯೂವಾರ್ಕ್ ಪಟ್ಟಣದಲ್ಲಿ ಹಾಲೆಂಡ್ ನ್ಯುಮೋನಿಯಾದಿಂದ ತೀರಿಕೊಂಡ. ಮೊದಲ ಮಹಾಯುದ್ಧ ಶುರುವಾಗಿ ಎರಡು ವಾರವಾಗಿತ್ತು. ಸೆಪ್ಟೆಂಬರ್ 22ರ ಬೆಳಿಗ್ಗೆ ‘ಯು-9’ ಎಂಬ ಒಂದೇ ಒಂದು ಜರ್ಮನ್ ಸಬ್‌ಮರೀನ್ ಸುಮಾರು ಒಂದೂವರೆ ಗಂಟೆಯಲ್ಲಿ ಮೂರು ಬ್ರಿಟಿಷ್ ಯುದ್ಧನೌಕೆಗಳನ್ನು ಮುಳುಗಿಸಿತು. 1,400ಕ್ಕೂ ಹೆಚ್ಚು ನಾವಿಕರು ಸತ್ತರು. ಅವರಲ್ಲಿ ತರಬೇತಿಗೆ ಬಂದಿದ್ದ ಹದಿಹರೆಯದ ಹುಡುಗರೂ ಇದ್ದರು.

ಅಮೆರಿಕ ಒಂದೂವರೆ ಲಕ್ಷ ಡಾಲರ್ ಕೊಟ್ಟು ಕೊಂಡ ‘ಹಾಲೆಂಡ್ 6’ ಅವನು ಸಾಯುವ ಹಿಂದಿನ ವರ್ಷವೇ ನೂರು ಡಾಲರಿಗೆ ಗುಜರಿಗೆ ಹೋಗಿತ್ತು. ಪಸೇಕ್ ನದಿಯಲ್ಲಿ ಅವನೇ ಮುಳುಗಿಸಿದ್ದ ಹದಿನಾಲ್ಕು ಅಡಿಯ ಮೊದಲ ದೋಣಿ 1927ರಲ್ಲಿ ಕೆಸರಿನಿಂದ ಮೇಲೆ ಬಂತು. ಅದು ಈಗ ಅವನು ಮಕ್ಕಳಿಗೆ ಪಾಠ ಹೇಳಿದ ಪ್ಯಾಟರ್ಸನ್ ಊರಿನ ವಸ್ತು ಸಂಗ್ರಹಾಲಯದಲ್ಲಿದೆ. ಕದ್ದುಹೋಗಿದ್ದ ‘ಫೀನಿಯನ್ ರ‍್ಯಾಮ್’ ಕೂಡ ಅದೇ ಕಟ್ಟಡದಲ್ಲಿದೆ.